ಛತ್ರಿ ಮಡಚುವ ಬಂಡೆಯ ಮಹಿಮೆ

ಡೋಣಿ ಹೊಳೆಯ ದಂಡೆಯಲ್ಲಿ ಈಗ ಜಾಲಿಕಂಟಿ ಬೆಳೆದಿರುವಲ್ಲಿ ಅತ್ತರಿನ ಅಂಗಡಿಗಳಿದ್ದ, ಪಟ್ಟದಾನೆಗಳು ಜಲಕ್ರೀಡೆಗೆ ಇಳಿಯುತ್ತಿದ್ದ, ಶರಣರೂ ಸೂಫಿಗಳೂ ಒಂದೇ ಕಟ್ಟೆಯ ಮೇಲೆ ಕುಳಿತು ತತ್ತ್ವವಿಚಾರ ಮಾಡುತ್ತಿದ್ದ ಆ ಪುಣ್ಯಕಾಲದಲ್ಲಿ, ಸಕಲೈಶ್ವರ್ಯಸಂಪನ್ನನೂ ಶ್ವೇತಚ್ಛತ್ರವಿರಾಜಿತನೂ ಆದ ಬಾದಶಹನೊಬ್ಬನು ಈ ಸೀಮೆಯನ್ನು ಆಳುತ್ತಿರಲಾಗಿ, ಅವನ ಶಿರದ ಮೇಲೆ ಛತ್ರ ಹಿಡಿಯುವ ಸೇವೆಯು ಕರೇಗುಡ್ಡಿ ಗ್ರಾಮದ ಬಂದಗೀಸಾಹೇಬರಿಗೆ ವಂಶಪಾರಂಪರ್ಯವಾಗಿ ಬಂದಿತ್ತು. ಅಂಥ ಕಾಲ ಇನ್ನು ಬಾರದು. 

ಛತ್ರವೆಂದರೆ ಬರಿಯ ನೆರಳಲ್ಲ, ರಾಜತ್ವದ ಲಾಂಛನ. ಆದುದರಿಂದ ಅದರ ನೆರಳು ಬಯಲಿನಲ್ಲಿ ಅರಸನ ತಲೆಯಿಂದ ಕ್ಷಣಮಾತ್ರ ಜಾರಿದರೂ, ಹಿಡಿದವನ ಬಲಗೈಯನ್ನು ಮಣಿಕಟ್ಟಿನಲ್ಲಿ ಕತ್ತರಿಸಬೇಕೆಂದು ರಾಜಶಾಸನವಿತ್ತು. ಬಂದಗೀಸಾಹೇಬರಿಗೆ ಆ ಭಯಕ್ಕಿಂತ ದೊಡ್ಡದಾದ ಒಂದು ಕೊರಗಿತ್ತು. ಹಬ್ಬದ ದಿನ ಈದ್ಗಾ ಬಯಲಿನಲ್ಲಿ ಸಹಸ್ರಾರು ಜನ ಏಕಕಾಲಕ್ಕೆ ಹಣೆ ನೆಲಕ್ಕಿಟ್ಟಾಗ, ಅವರ ನಡುವೆ ನೆಟ್ಟಗೆ ನಿಂತಿರುತ್ತಿದ್ದುದು ಎರಡೇ: ಛತ್ರ ಮತ್ತು ಅವರು. ನಲವತ್ತು ವರ್ಷ ಹೀಗೆಯೇ ಕಳೆಯಿತು. ಆದರೂ ಪ್ರತಿ ಸಲ ನಮಾಜಿಗೆ ನಿಲ್ಲುವವರಂತೆ ಕೈಕಾಲು ತೊಳೆದು ವುಜೂ ಮಾಡಿಕೊಂಡೇ ಬರುತ್ತಿದ್ದರು. ಯಾಕೆಂದು ಯಾರೂ ಕೇಳಲಿಲ್ಲ, ಪಾಪ.

ಹೀಗಿರಲು ಒಂದು ವರ್ಷ ಮಿರಗ ಹೋಯಿತು, ಆರಿದ್ರಾ ಹೋಯಿತು, ಒಂದು ಹನಿ ಬೀಳಲಿಲ್ಲ. ಬಾದಶಹನು ಮೂರು ದಿನ ಕರೇಗುಡ್ಡಿಯ ಬಯಲಿನಲ್ಲಿ ಮಳೆಯ ನಮಾಜು ನಡೆಯಲೆಂದು ಡಂಗುರ ಸಾರಿಸಿದನು. ಎಲ್ಲ ಜಾತಿಯವರೂ ನೆರೆದರು. ಕುರಿಗಳನ್ನೂ ಮರಿಗಳನ್ನೂ ಅಗಲಿಸಿ ಕಟ್ಟಿದರು, ಅವುಗಳ ಕೂಗು ಕೇಳಿಯಾದರೂ ಮೇಲಿನವನ ಕರುಳು ಕರಗಲೆಂದು. ಎರಡು ದಿನ ಪ್ರಾರ್ಥನೆ ಮುಗಿಯಿತು. ಆಕಾಶ ಮಾತ್ರ ಒಣ ಬೋಗುಣಿಯಂತೆ ಬಣಗುಡುತ್ತಲೇ ಇತ್ತು.

ಮೂರನೆಯ ದಿನ ಬಯಲಿನ ಅಂಚಿನ ಕರೀಬಂಡೆಯ ಬಳಿ ಕುರುಬರ ಮುದುಕಿ ಮಾಳವ್ವ ಬಂದಗೀಸಾಹೇಬರನ್ನು ಅಡ್ಡಗಟ್ಟಿದಳು. ಅವಳ ಬಾಯಿಗೆ ದಿವಾನರೂ ಅಂಜುತ್ತಿದ್ದರು.

"ಏನೋ ಬಂದಗಿ, ಮಳಿ ಕೊಡು ಅಂತ ಕೇಳಾಕ ಬಂದೀರಿ, ಮಳಿ ತಡಿಯೂ ಛತ್ರಿ ಹಿಡಕೊಂಡು ಬಂದೀರಿ. ಮ್ಯಾಲಿನಾಂವ ಯಾವುದನ್ನ ನಂಬಬೇಕು?"

"ಇದು ಮಳಿ ಬಿಸಲಿನ ಛತ್ರಿ ಅಲ್ಲಬೇ, ದೊರೀತನದ ಛತ್ರಿ."

"ಹಂಗಾದ್ರ ಇನ್ನೂ ಕೆಟ್ಟಾತು. ಇಲ್ಲಿ ದೊರಿ ಯಾರು?"

ಬಂದಗೀಸಾಹೇಬರಿಗೆ ಉತ್ತರ ಗೊತ್ತಿತ್ತು. ಚಿಕ್ಕಂದಿನಲ್ಲಿ ತಾಯಿಯ ತೊಡೆಯ ಮೇಲೆ ಕಲಿತದ್ದೇ ಅದು. ರಾಜ್ಯವೂ ರಾಜನೂ ಮೇಲಿನ ಆ ಒಬ್ಬನ ಸ್ವತ್ತು, ಅವನ ಆಳ್ವಿಕೆಯಲ್ಲಿ ಪಾಲುದಾರರಿಲ್ಲ ಎಂದು ಅವಳು ಹೇಳುತ್ತಿದ್ದ ದನಿಯೇ ಕಿವಿಗೆ ಬಂದಂತಾಗಿ ಅವರ ಕಣ್ಣು ತುಂಬಿತು.

ನಮಾಜು ಆರಂಭವಾಯಿತು. ಕಡೆಯ ಸಜ್ದಾದಲ್ಲಿ ಬಾದಶಹನಾದಿಯಾಗಿ ಇಡೀ ಬಯಲು ಬಾಗಿದಾಗ, ಬಂದಗೀಸಾಹೇಬರು ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಛತ್ರವನ್ನು ಮಡಚಿದರು. ಹಿಂದೆ ನಡೆದು ಹೋಗಿ ಅದನ್ನು ಕರೀಬಂಡೆಯ ಮೇಲಿಟ್ಟು, ಅದೇ ಬಂಡೆಯ ಮೇಲೆ ಹಣೆಯೂರಿದರು.

ಬಾದಶಹನ ಕತ್ತಿನ ಮೇಲೆ ಬಿಸಿಲು ಬಿತ್ತು. ಸಾಲಿನಿಂದ ಎದ್ದ ಕೊತ್ವಾಲನು ಕತ್ತಿ ಹಿರಿದನು. ಅಷ್ಟರಲ್ಲಿ ಯಾವ ದಿಕ್ಕಿನಿಂದ ಬಂದಿತೆಂದು ಯಾರೂ ಹೇಳಲಾರದ ಅಶರೀರವಾಣಿಯೊಂದು ಆ ಬಯಲನ್ನೆಲ್ಲ ತುಂಬಿತು:

"ಆಕಾಶ ಒಬ್ಬನದು. ಅದರ ಕೆಳಗೆ ಇನ್ನೊಂದು ಆಕಾಶ ಹಿಡಿಯಬೇಡಿ."

ಬಾದಶಹನು ಎದ್ದನು. ಹಣೆಗೆ ಮಣ್ಣು ಮೆತ್ತಿತ್ತು. ಮಳೆಯ ನಮಾಜಿನ ಪದ್ಧತಿಯಂತೆ ಜರತಾರಿ ನಿಲುವಂಗಿಯನ್ನು ಒಳಮಗ್ಗುಲಾಗಿ ತಿರುವಿ ತೊಟ್ಟು, ಕೊತ್ವಾಲನನ್ನು ಕೈಸನ್ನೆಯಿಂದ ತಡೆದು, ಸಾಲುಗಳನ್ನು ಹಾಯ್ದು ಬಂಡೆಯತ್ತ ಬಂದನು. ಹೆಜ್ಜೆಯ ಸಪ್ಪಳ ಕೇಳಿ ಬಂದಗೀಸಾಹೇಬರು ತಲೆಯೆತ್ತದೆಯೇ ಬಲಗೈಯನ್ನು ಮುಂದೆ ಚಾಚಿದರು, ಕತ್ತರಿಸುವವನಿಗೆ ತೊಂದರೆಯಾಗಬಾರದೆಂದು.  ಬಾದಶಹನು ತನ್ನ ಆಳಿನ ಪಕ್ಕದಲ್ಲಿ ಮೊಣಕಾಲೂರಿ ತಾನೂ ಬಂಡೆಗೆ ಹಣೆ ಹಚ್ಚಿದನು.

ಆಗ ಬಂದಿತು ಮಳೆ. ಮೊದಲ ಹನಿ ಬಾದಶಹನ ಬೆನ್ನಿಗೆ ತಾಗಿದ್ದೇ ತಡ, ನಲವತ್ತು ವರ್ಷದ ಅಭ್ಯಾಸ ಸುಮ್ಮನಿದ್ದೀತೇ? ಬಂದಗೀಸಾಹೇಬರು ಧಡಕ್ಕನೆ ಎದ್ದು ಛತ್ರಕ್ಕೆ ಕೈ ಹಾಕಿದರು. ಬಾದಶಹನು ಅವರ ಮಣಿಕಟ್ಟನ್ನು, ಕತ್ತರಿಸಬೇಕಾಗಿದ್ದ ಅದೇ ಮಣಿಕಟ್ಟನ್ನು, ಮೆಲ್ಲಗೆ ಹಿಡಿದನು.

"ಬ್ಯಾಡ ಬಂದಗಿ. ಇವತ್ತ ಇಬ್ಬರೂ ನೆನೆಯೂಣು."

ಭಕ್ತರು ಇಂದಿಗೂ ಕರೀಬಂಡೆಯ ಮೇಲೆ ಛತ್ರದ ಕಡ್ಡಿಗಳ ಹನ್ನೆರಡು ಗೆರೆಗಳನ್ನೂ, ಪಕ್ಕದಲ್ಲಿ ಹಣೆಯೂರಿದ ಎರಡು ಕುಳಿಗಳನ್ನೂ ಕಾಣಬಹುದು. ಯಾವುದು ಅರಸನದು, ಯಾವುದು ಆಳಿನದು ಎಂದು ಆ ಸ್ಥಳದ ಸೇವೆ ನೋಡಿಕೊಳ್ಳುವ ಮುಜಾವರರನ್ನು ಕೇಳಿದರೆ ನಗುತ್ತಾರೆ. ಕುಳಿಯಲ್ಲಿ ನಿಂತ ನೀರನ್ನು ತಾಯಂದಿರು ಮಕ್ಕಳ ಹಣೆಗೆ ಹಚ್ಚುತ್ತಾರೆ. ಮಿರಗದ ಮೊದಲ ಶುಕ್ರವಾರ ಉರುಸು ನಡೆಯುತ್ತದೆ. ಎಂಥ ಮಳೆಯೇ ಬರಲಿ, ಬಂಡೆ ದಾಟಿದ ಮೇಲೆ ಛತ್ರಿ ಬಿಚ್ಚುವಂತಿಲ್ಲ. ದೊಡ್ಡ ಮನುಷ್ಯರ ಹಿಂದೆ ಛತ್ರಿ ಹಿಡಿದು ಓಡಿ ಬರುವವರನ್ನು ಕಂಡರೆ ಕುರುಬರ ಹೆಂಗಸರೇ "ಮಡಚೋ ತಮ್ಮಾ" ಎಂದು ಗದರುತ್ತಾರೆ.

ಬಂದಗೀಸಾಹೇಬರ ಗೋರಿಯೂ ಅಲ್ಲೇ ಇದೆ. ಗುಮ್ಮಟ ಕಟ್ಟಿಸುತ್ತೇವೆಂದು ಬಂದ ಧನಿಕರಿಗೆಲ್ಲ ಮುಜಾವರರು ಸಕ್ಕರೆ ಕೊಟ್ಟು ವಾಪಸು ಕಳಿಸಿದ್ದಾರೆ. ನಲವತ್ತು ವರ್ಷ ಇನ್ನೊಬ್ಬರ ತಲೆಯ ಮೇಲೆ ನೆರಳು ಹಿಡಿದವರು ಅಲ್ಲಿ ಬಯಲಿನಲ್ಲೇ, ಮಳೆಯಲ್ಲಿ ನೆನೆಯುತ್ತ ಮಲಗಿದ್ದಾರೆ.