ಹುಣಸೆ ಹಾಕದ ಸಾರು

ಕರಿಗಲ್ಲೂರಿನ ಆಸ್ಥಾನದಲ್ಲಿ ಸೂರಪ್ಪನಷ್ಟು ಜಾಣ ಇನ್ನೊಬ್ಬನಿರಲಿಲ್ಲ. ಹಾಗೆಂದು ಊರಿಗೆಲ್ಲ ಹೇಳಿಕೊಂಡು ಬಂದವನು ಸೂರಪ್ಪನೇ.

ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಸಾರು ಸುರಿದುಕೊಂಡು ಹೆಂಡತಿಯನ್ನು ಹೊಗಳಿದ. "ಪುಟ್ಟವೀರಮ್ಮ, ಅಮೃತ! ಹುಣಸೆ ಯಾವೂರಿಂದು?"

"ಹುಣಸೆ ತಂದು ಆರು ತಿಂಗಳಾಯ್ತು" ಎಂದಳು ಅವಳು. "ಬಾವಿ ನೀರೇ ಹುಳಿ. ಗುಡ್ಡದಲ್ಲಿ ಕಲ್ಲಿದ್ದಲ ಗಣಿ ತೋಡಿದಾಗಿಂದ ಒಗೆದ ಬಟ್ಟೆ ಕೆಂಪಾಗ್ತದೆ, ಹಾಲಿಗೆ ನೀರು ಬೆರೆಸಿದ್ರೆ ಒಡೀತದೆ, ಕೇರಿ ಮಕ್ಕಳೆಲ್ಲ ಹೊಟ್ಟೆ ಹಿಡ್ಕೊಂಡು ಮಲಗಿವೆ. ನಿಮ್ಮ ನಾಲಿಗೆಗೆ ಮಾತು ಬಿಟ್ಟು ಇನ್ನೇನಾದ್ರೂ ಗೊತ್ತಾದ್ರಲ್ವೆ?"

ಸೂರಪ್ಪನಿಗೆ ನಾಚಿಕೆಯಾಯಿತು. ಆ ಗಣಿಯನ್ನು ಪದ್ಯ ಕಟ್ಟಿ ಹೊಗಳಿ ರಾಜನಿಂದ ಶಾಲು ಹೊದೆಸಿಕೊಂಡವನು ತಾನೇ. ಬಿಳಿ ಶಾಲು, ಈಗ ಅದೂ ತುಕ್ಕಿನ ಬಣ್ಣಕ್ಕೆ ತಿರುಗಿತ್ತು.

ಮರುದಿನ ಆಸ್ಥಾನದಲ್ಲಿ ಗಣಿ ಅಧಿಕಾರಿ ದೇವರಸ ಎರಡನೇ ಗಣಿಗೆ ಅಪ್ಪಣೆ ಕೇಳಿದ. ಸೂರಪ್ಪ ಎದ್ದು ಬಾವಿಯ ಕತೆ ಹೇಳಿದ.

ದೇವರಸ ನಕ್ಕುಬಿಟ್ಟ. "ಗಣಿ ಇರೋದು ಗುಡ್ಡದಲ್ಲಿ, ಬಾವಿ ಇರೋದು ಊರಲ್ಲಿ. ನೆಲದೊಳಗೆ ನೀರು ನಡೆದದ್ದನ್ನು ಕಂಡವರು ಯಾರು?"

"ನಾಳೆಯೊಳಗೆ ತೋರಿಸು, ಸೂರಪ್ಪ" ಎಂದ ರಾಜ ವೀರಭೂಪ. "ಇಲ್ಲವಾದರೆ ಹೊಸ ಗಣಿಗೂ ನೀನೇ ಪದ್ಯ ಬರೆಯಬೇಕು."

ಮಾರನೆಯ ದಿನ ಸೂರಪ್ಪ ಇಬ್ಬರನ್ನೂ ತನ್ನ ಮನೆಗೆ ಊಟಕ್ಕೆ ಕರೆದ. ರಾಜನ ಮುಂದೆ ಎಳನೀರನ್ನಷ್ಟೇ ಇಟ್ಟ. ತನ್ನ ತಲೆ ಕುತ್ತಿಗೆಯ ಮೇಲಿರಲಿ ಎಂಬ ಆಸೆ ಅವನಿಗೂ ಇತ್ತು. ದೇವರಸನ ಮುಂದೆ ಎರಡು ಬಟ್ಟಲು ಸಾರು ಬಂತು.

"ನನ್ನ ಹೆಂಡತಿಗೂ ನಾದಿನಿಗೂ ಜಗಳ, ಯಾರ ಹುಣಸೆ ಮೇಲು ಅಂತ. ತಮ್ಮ ನಾಲಿಗೆ ದೊಡ್ಡದು, ತಾವೇ ತೀರ್ಪು ಕೊಡಬೇಕು."

ದೇವರಸ ಉಬ್ಬಿಹೋದ. "ಅನ್ನದ ಅಗುಳು ತಿಂದು ಗದ್ದೆ ಯಾವುದೆಂದು ಹೇಳೋನು ನಾನು!" ಒಂದನ್ನು ಚಪ್ಪರಿಸಿದ, ಇನ್ನೊಂದನ್ನು ಚಪ್ಪರಿಸಿದ. "ಜಗಳ ಯಾಕೆ? ಎರಡೂ ಒಂದೇ ಮರದ ಹುಣಸೆ."

"ಖಂಡಿತವೇ?"

"ನನ್ನ ನಾಲಿಗೆ ತಪ್ಪಿದರೆ ಅಧಿಕಾರ ಬಿಟ್ಟು ಮನೆಗೆ ಹೋಗ್ತೀನಿ!"

ಸೂರಪ್ಪ ರಾಜನತ್ತ ತಿರುಗಿ ಕೈ ಮುಗಿದ. "ಪ್ರಭು, ಎರಡಕ್ಕೂ ಹುಣಸೆ ಹಾಕಿಲ್ಲ. ಒಂದು ಗಣಿಯ ಗುಂಡಿಯಲ್ಲಿ ನಿಂತ ನೀರಿನ ಸಾರು, ಇನ್ನೊಂದು ನಮ್ಮ ಬಾವಿಯದು. ಅಗೆದು ಹಾಕಿದ ಕಲ್ಲು ಗಾಳಿಮಳೆಗೆ ಹುಳಿ ಬಿಡುತ್ತೆ, ಆ ಹುಳಿ ನೆಲಕ್ಕಿಳಿದು ಬಾವಿ ಸೇರುತ್ತೆ. ಎರಡರ ಮೂಲ ಒಂದೇ ಅಂತ ಅಧಿಕಾರಿಗಳೇ ಹೇಳಿಯಾಯ್ತು."

ದೇವರಸ ಪೇಚಿಗೆ ಸಿಕ್ಕಿದ. ನಾಲಿಗೆ ತಪ್ಪಿತೆಂದರೆ ಅಧಿಕಾರ ಹೋಗುತ್ತದೆ, ತಪ್ಪಲಿಲ್ಲವೆಂದರೆ ಗಣಿ ಹೋಗುತ್ತದೆ. ಎರಡು ಬಟ್ಟಲನ್ನೂ ಮೆಲ್ಲಗೆ ದೂರ ಸರಿಸಿದ.

"ಹೊಸ ಗಣಿ ಬೇಡ" ಎಂದ ರಾಜ. "ಹಳೆಯದರ ಕೆಲಸವೂ ನಿಲ್ಲಲಿ. ಊರಿಗೆ ದಿನಾ ಅರಮನೆ ಕೆರೆಯಿಂದ ನೀರಿನ ಗಾಡಿ ಹೋಗಲಿ. ಈ ಬಾವಿ ಸಿಹಿಯಾಗುವ ತನಕ ದೇವರಸನ ಮನೆಗೆ ಮಾತ್ರ ಇದೇ ನೀರು." ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಸೂರಪ್ಪ, ನಿನ್ನಂಥ ಜಾಣ ಈ ರಾಜ್ಯದಲ್ಲೇ ಇಲ್ಲ!"

ಬಾಗಿಲ ಹಿಂದೆ ಪುಟ್ಟವೀರಮ್ಮ ಕೆಮ್ಮಿದಳು.

ಸೂರಪ್ಪ ತಲೆ ಕೆರೆದುಕೊಂಡ. "ಇದ್ದಾರೆ ಪ್ರಭು, ದೇವರಸರು. ಅವರು ಎರಡೇ ಗುಟುಕಿಗೆ ಸತ್ಯ ಹೇಳಿದರು. ನಾನು ಆರು ತಿಂಗಳು ಅದನ್ನೇ ಕುಡಿದು, ಎರಡೆರಡು ಸಲ ಬಡಿಸಿಕೊಂಡೆ."