ಚೌಡವ್ವನ ಭುಜ

ಪಾಯಣ್ಣ ಪಂಡಿತರ ಆಶ್ರಮ ಹೊಳೆಯ ದಂಡೆಯಲ್ಲಿತ್ತು. ಅಲ್ಲಿ ಐದು ವರ್ಷ ವೈದ್ಯ ಕಲಿತ ಮೇಲೆ ಧರಣೇಂದ್ರನಿಗೆ ಇನ್ನು ಕಲಿಯುವುದು ಏನೂ ಉಳಿದಿಲ್ಲ ಅನ್ನಿಸಿತು.

ಒಂದು ಬೆಳಿಗ್ಗೆ ಗುರುಗಳ ಎದುರು ಹೋಗಿ ನಿಂತ.

"ಗುರುಗಳೇ, ನಮ್ಮ ಊರಲ್ಲಿ ವೈದ್ಯರಿಲ್ಲ. ಹೊರಡಲು ಅಪ್ಪಣೆ ಕೊಡಿ."

ಪಂಡಿತರು ಬೇರು ಜಜ್ಜುತ್ತಿದ್ದರು. ತಲೆ ಎತ್ತದೆ ಕೇಳಿದರು.

"ದೇಹ ಯಾವುದರಿಂದ ಆಗಿದೆ?"

"ನಾಲ್ಕು ಬಗೆಯ ಅಂಗಾಂಶಗಳಿಂದ. ಹೊದಿಸುವುದು, ಬೆಸೆಯುವುದು, ಎಳೆಯುವುದು, ಸುದ್ದಿ ಒಯ್ಯುವುದು."

"ಬಿಡಿಸಿ ಹೇಳು."

"ಮೈಮೇಲಿನ ತೊಗಲು, ಬಾಯಿಯ ಒಳಪದರ, ಕರುಳಿನ ಒಳಪದರ, ಇವು ಹೊದಿಸುತ್ತವೆ. ಮೂಳೆ, ಕೊಬ್ಬು, ರಕ್ತ ಬೆಸೆಯುತ್ತವೆ. ಸ್ನಾಯು ಎಳೆಯುತ್ತದೆ. ನರ ಸುದ್ದಿ ಒಯ್ಯುತ್ತದೆ."

"ಮೂಳೆ ಗಟ್ಟಿ. ರಕ್ತ ಹರಿಯುವಂಥದ್ದು. ಎರಡನ್ನೂ ಒಂದೇ ಗುಂಪಿಗೆ ಹೇಗೆ ಸೇರಿಸಿದೆ?"

"ಎರಡು ದಡಗಳನ್ನು ಸೇತುವೆಯೂ ಬೆಸೆಯುತ್ತದೆ, ದೋಣಿಯೂ ಬೆಸೆಯುತ್ತದೆ, ಗುರುಗಳೇ."

ಪಂಡಿತರ ಮುಖ ಅರಳಿತು. "ಚೆನ್ನಾಗಿ ಹೇಳಿದೆ" ಅಂದರು. ಆದರೆ ಹೋಗು ಅನ್ನಲಿಲ್ಲ.

ಅಷ್ಟರಲ್ಲಿ ಹೊಳೆಯ ಕಡೆಯಿಂದ ಇಬ್ಬರು ಬರುವುದು ಕಂಡಿತು. ಕೆಳಗಿನ ಕಟ್ಟೆಯಲ್ಲಿ ಊರವರ ಬಟ್ಟೆ ಒಗೆಯುವ ಚೌಡವ್ವ, ಅವಳ ಜೊತೆಗೆ ಗಂಡ. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದಿದ್ದಳು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡೇ ಬಂದಳು. ಸೀರೆ ಒದ್ದೆಯಾಗಿತ್ತು, ಮುಖ ಬಿಳುಚಿಕೊಂಡಿತ್ತು.

"ನೀನೇ ನೋಡು" ಅಂದರು ಪಂಡಿತರು.

ಧರಣೇಂದ್ರ ಒಮ್ಮೆ ನೋಡಿದ್ದೇ ತಿಳಿದುಕೊಂಡ. ಎಲುಬು ಮುರಿದಿರಲಿಲ್ಲ. ತೋಳಿನ ಮೂಳೆಯ ಗುಂಡುತಲೆ ಭುಜದ ಗುಳಿಯಿಂದ ಮುಂದಕ್ಕೆ ಜಾರಿತ್ತು. ಎಷ್ಟು ಜಾರಿದೆ, ಯಾವ ಕಡೆಗೆ ಎಳೆಯಬೇಕು, ಎಲ್ಲವೂ ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಇತ್ತು.

ಅವಳನ್ನು ಚಾಪೆಯ ಮೇಲೆ ಮಲಗಿಸಿದ. ಮಣಿಕಟ್ಟು ಹಿಡಿದು ಎಳೆದ.

ಚೌಡವ್ವ ಚೀರಿದಳು. ಭುಜದ ಸ್ನಾಯುಗಳು ಕಲ್ಲಿನಂತೆ ಬಿಗಿದವು. ಮೂಳೆ ಕದಲಲಿಲ್ಲ.

"ಸಡಿಲ ಬಿಡಮ್ಮ."

"ನಾನು ಬಿಟ್ಟೇ ಇದ್ದೀನಪ್ಪಾ. ಅದು ಬಿಡ್ತಿಲ್ಲ."

ಅವನು ಇನ್ನಷ್ಟು ಬಲ ಹಾಕಿ ಎಳೆದ. ಸ್ನಾಯು ಇನ್ನಷ್ಟು ಬಿಗಿಯಿತು. ಚೌಡವ್ವ ಕಣ್ಣೀರು ಹಾಕುತ್ತಾ ಗಂಡನ ಕಡೆ ತಿರುಗಿ, "ಈ ಕೈ ಹೋದರೆ ನಾನು ಹೆಂಗೆ ಒಗೀಲಿ?" ಅಂದಳು.

ಧರಣೇಂದ್ರ ಹಿಡಿದ ದಿಕ್ಕು ಸರಿಯಾಗಿಯೇ ಇತ್ತು. ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಆದರೂ ಕೈ ಬಿಟ್ಟು ಹಿಂದೆ ಸರಿದ.

ಪಂಡಿತರು ಎದ್ದು ಬಂದರು. ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡರು. ಅವಳನ್ನು ಎಬ್ಬಿಸಿ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ನೋವಿದ್ದ ಕೈಯ ಭಾರವನ್ನೆಲ್ಲ ತಮ್ಮ ತೊಡೆಯ ಮೇಲೆ ತೆಗೆದುಕೊಂಡರು.

"ಬಟ್ಟೆಯ ಗಂಟು ಯಾರು ಹೊರುತ್ತಾರೆ, ಚೌಡವ್ವ?"

"ಕತ್ತೆ ಹೊರುತ್ತೆ, ಪಂಡಿತ್ರೇ."

"ಅದರ ಹೆಸರೇನು?"

ಅವಳು ಸ್ವಲ್ಪ ನಾಚಿದಳು. "ದೊರೆ ಅಂತ."

"ದೊರೆಯೇ? ಯಾಕೆ?"

ಪಂಡಿತರ ಬೆರಳುಗಳು ಅವಳ ತೋಳಿನ ಮೇಲೆ ಮೆಲ್ಲಗೆ ಓಡಾಡುತ್ತಿದ್ದವು. ಎಣ್ಣೆ ಸವರುವಷ್ಟೇ ಒತ್ತಡ.

"ಏ ಬಾರೋ ಅಂದ್ರೆ ಹೆಜ್ಜೆ ಕಿತ್ತಿಡಲ್ಲ ಅದು. ಬನ್ನಿ ದೊರೆ, ದಯಮಾಡಿಸಿ ಅನ್ನಬೇಕು. ನಮ್ಮ ಯಜಮಾನ್ರು ಒಂದಿನ ಕೋಲು ತಗೊಂಡ್ರು. ಅವತ್ತು ಗೌಡರ ಮನೆಯ ಮದುವೆ ಪಂಚೆ ಎಲ್ಲಾ ಹೊಳೆಗೆ ಚೆಲ್ಲಿ, ತಾನು ಮಾತ್ರ ಆ ದಡಕ್ಕೆ ಹೋಗಿ ನಿಂತ್ಕೊಂಡ್ತು."

"ಆಮೇಲೆ?"

"ಆಮೇಲೇನು, ಇವರೇ ನೀರಿಗಿಳಿದು ಹೋಗಿ ದೊರೆಗೆ ಕೈಮುಗಿದು ಕರ್ಕೊಂಡು ಬಂದ್ರು."

ಗಂಡ ತಲೆ ತಗ್ಗಿಸಿ ನಕ್ಕ. ಅದನ್ನು ನೋಡಿ ಚೌಡವ್ವನಿಗೂ ನಗು ತಡೆಯಲಾಗಲಿಲ್ಲ.

ನಗುವಿನ ನಡುವೆ ಭುಜದೊಳಗೆ ಟಕ್ ಎಂದು ಸಣ್ಣ ಸದ್ದಾಯಿತು.

ಅವಳು ನಗು ನಿಲ್ಲಿಸಿ ಭುಜದ ಕಡೆ ನೋಡಿದಳು. "ಕೂತಿತಾ?" ಅಂದಳು.

"ಕೂತಿತು ತಾಯಿ. ಇನ್ನು ತಿಂಗಳೊಪ್ಪತ್ತು ಭಾರ ಎತ್ತಬೇಡ."

ಧರಣೇಂದ್ರ ಅವಳ ಕೈಯನ್ನು ಎದೆಗೆ ಆನಿಸಿ ಬಟ್ಟೆಯಿಂದ ಕಟ್ಟಿದ. ಗಂಡ ಹೆಂಡತಿ ಹೋದ ಮೇಲೆ ಗುರುಗಳನ್ನು ಕೇಳಿದ.

"ನನಗಿಂತ ಕಡಿಮೆ ಬಲದಲ್ಲಿ ಎಳೆದಿರಿ. ಎಲ್ಲಿ ಎಳೆದಿರಿ ಅನ್ನುವುದೇ ನನಗೆ ಕಾಣಲಿಲ್ಲ."

"ನಾನು ಎಳೆಯಲೇ ಇಲ್ಲ. ಮೂಳೆಯನ್ನು ಹಿಡಿದು ಕೂತಿದ್ದು ಯಾವುದು?"

"ಸ್ನಾಯು."

"ಸ್ನಾಯು ಯಾರ ಮಾತು ಕೇಳುತ್ತಿತ್ತು?"

"ನರದ ಮಾತು."

"ನರಕ್ಕೆ ಸುದ್ದಿ ಎಲ್ಲಿಂದ ಬರುತ್ತಿತ್ತು?"

ಧರಣೇಂದ್ರ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಬೆಳಗಿನ ತಣ್ಣೀರಲ್ಲಿ ತೊಳೆದ ಕೈ ಇನ್ನೂ ತಣ್ಣಗಿತ್ತು. ಹೆಸರು ಕೂಡ ಕೇಳದೆ ಆ ಕೈಯಿಂದಲೇ ಅವಳ ಮಣಿಕಟ್ಟು ಹಿಡಿದಿದ್ದ.

"ತೊಗಲಿನಿಂದ" ಅಂದ, ಮೆಲ್ಲಗೆ. "ನನ್ನ ಕೈ ಮುಟ್ಟಿದ ಕಡೆಯಿಂದ."

ಪಂಡಿತರು ಮತ್ತೆ ಬೇರು ಜಜ್ಜಲು ಕೂತರು.

ಮಾರನೆಯ ದಿನದಿಂದ ಧರಣೇಂದ್ರ ದಿನಾ ಚೌಡವ್ವನ ಗುಡಿಸಲಿಗೆ ಹೋಗಿಬಂದ. ಮೊದಲು ಅಂಗಳದಲ್ಲಿ ಕೂತು ಅವಳು ಹೇಳಿದ್ದನ್ನೆಲ್ಲ ಕೇಳುತ್ತಿದ್ದ. ಆಮೇಲೆ ಕೈ ಬಿಸಿ ಮಾಡಿಕೊಂಡು ಕಟ್ಟು ಬಿಚ್ಚುತ್ತಿದ್ದ. ಮೂರನೆಯ ವಾರಕ್ಕೆ ಅವಳು ಕೈಯನ್ನು ತಲೆಯ ತನಕ ಎತ್ತಿದಳು. ತಿಂಗಳು ಕಳೆದು ಸ್ವಲ್ಪ ದಿನಕ್ಕೆ ಹೊಳೆಯಲ್ಲಿ ಮತ್ತೆ ಅವಳು ಬಟ್ಟೆ ಒಗೆಯುವ ಸದ್ದು ಕೇಳಿಸಿತು.

ಆ ದಿನ ಪಂಡಿತರು ತಾವಾಗಿ ಕರೆದರು. "ನಾಳೆ ಹೊರಡಬಹುದು. ನಿಮ್ಮ ಊರು ಕಾಯುತ್ತಿರಬೇಕು."

ಧರಣೇಂದ್ರ ಅವರ ಕಾಲಿಗೆ ನಮಸ್ಕರಿಸಿ ಎದ್ದ. ಮನಸ್ಸು ತುಂಬಿತ್ತು. ಆದರೂ ಒಂದು ವಿಷಯ ಅವನಲ್ಲಿ ಉಳಿದುಬಿಟ್ಟಿತ್ತು.

"ಗುರುಗಳೇ, ಒಂದೇ ಒಂದು ಕೇಳಲೇ? ಅವತ್ತು ಚೌಡವ್ವ ಕತ್ತೆಯ ಕಥೆ ಹೇಳುವಾಗ ನಿಮ್ಮ ಗಮನ ಕಥೆಯ ಕಡೆ ಇತ್ತೇ, ಭುಜದ ಕಡೆ ಇತ್ತೇ?"

ಪಂಡಿತರು ಅವನನ್ನು ಅಕ್ಕರೆಯಿಂದ ನೋಡಿದರು.

"ಎರಡು ಕಡೆ ಎಲ್ಲಿತ್ತು, ಮಗು? ನನ್ನ ಪಕ್ಕದಲ್ಲಿ ಕೂತಿದ್ದವಳು ಒಬ್ಬಳೇ."