ಶಂಖಜ್ಜನ ಕತೆಗೆ ಬಂದ ಆಕಳಿಕೆ

ಗಂಗೊಳ್ಳಿಯ ರತ್ನಾಕರ ಖಾರ್ವಿಯ ಮನೆ ಜಗಲಿಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು ಮಕ್ಕಳೇ. ಒಳಗೆಲ್ಲ ಉಪ್ಪುನೀರು, ಅಂಗೈಯಗಲದ ಅರಬ್ಬೀ ಸಮುದ್ರ ಅನ್ನಿ. ಅಲ್ಲಿಯ ಹಿರಿಯ ಶಂಖಜ್ಜ, ಖಾಲಿ ಶಂಖವನ್ನೇ ಮನೆ ಮಾಡಿಕೊಂಡಿದ್ದ ಸನ್ಯಾಸಿ ಏಡಿ. ಅವನಂಥ ಕತೆಗಾರ ಏಳು ಕಡಲಲ್ಲೂ ಇರಲಿಲ್ಲ. ಇದು ಅವನೇ ಹೇಳಿದ ಮಾತಾದ್ದರಿಂದ ಸುಳ್ಳಿರಲಿಕ್ಕಿಲ್ಲ.

ಆ ವರ್ಷ ತೊಟ್ಟಿಗೆ ಹುಳಗಳ ಕಾಟ ಹತ್ತಿತು. ಮರಳಿನಿಂದ ಎದ್ದುಬಂದು, ಕೇಸರಕ್ಕ ಎಂಬ ಕಿತ್ತಳೆ ಬಣ್ಣದ ಮೀನು ಮಲಗುತ್ತಿದ್ದ ಕಡಲಹೂವಿನ ಬುಡವನ್ನೇ ಮೆಲ್ಲುತ್ತಿದ್ದವು. ಹೂ ಹೋದರೆ ಅವಳಿಗೆ ಸೂರಿಲ್ಲ. ಹುಳ ಹಿಡಿಯುವ ಬೇಟೆಗಾರ ಮೀನೊಂದನ್ನು ತರಲು ರತ್ನಾಕರ ಹೊರಟ.

ಅವನದೊಂದು ಪದ್ಧತಿ. ಹೊಸ ಮೀನನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲದ ಸಮೇತ ತೊಟ್ಟಿಯಲ್ಲಿ ತೇಲಿಬಿಡುವುದು. ಚೀಲದ ನೀರು ತೊಟ್ಟಿಯ ನೀರಿನ ಬಿಸಿಗೆ ಹೊಂದಿಕೊಳ್ಳುವಷ್ಟರಲ್ಲಿ ಹಳಬರು ಬಂದು ಮಾತಾಡಿಸಿದರೆ ಚೀಲ ಬಿಚ್ಚುವನು. ಅವಿತುಕೊಂಡರೆ ಮೀನು ವಾಪಸ್ ಅಂಗಡಿಗೆ.

ಮೊದಲ ಚೀಲದಲ್ಲಿ ನಿಂಬೆಹಣ್ಣಿನ ಗಾತ್ರದ ಹಳದಿ ಮೀನು ಬಂತು. ಗುಂಡಗೆ, ಮುದ್ದು ಮುದ್ದಾಗಿ. ತಾನೊಂದು ಬಡಪ್ರಾಣಿ, ದಿನಕ್ಕೊಂದು ಹುಳ ಸಿಕ್ಕರೆ ಸಾಕು ಎಂದು ತುಟಿ ಅಲುಗದ ಹಾಗೆ ಪಿಸುಗುಟ್ಟಿತು.

"ಇಷ್ಟೇ ಇಷ್ಟಿದೆ, ಪಾಪ. ನಮ್ಮನ್ನೇನು ಮಾಡೀತು ಅಜ್ಜ?" ಎಂದಳು ಕೇಸರಕ್ಕ. ಆಗಲೇ ಚೀಲಕ್ಕೆ ಮೂತಿ ತಾಗಿಸಿ ಕುಣಿಯತೊಡಗಿದ್ದಳು. ರತ್ನಾಕರನ ಕೈ ಚೀಲದ ಗಂಟಿಗೆ ಹೋಯಿತು, ಬಿಗಿದ ಗಂಟು ಮಾತ್ರ ಬೇಗ ಬಿಚ್ಚಲಿಲ್ಲ.

ಶಂಖಜ್ಜನಿಗೆ ಬೇರೆಯೇ ಚಿಂತೆ. ತನ್ನ ಕತೆ ಕೇಳದೆ ಯಾರಾದರೂ ಊರೊಳಗೆ ಬರುವುದುಂಟೆ? ಕಲ್ಲು ಹತ್ತಿ ಶುರುಮಾಡಿಯೇಬಿಟ್ಟ. ಪ್ರಾಯದಲ್ಲಿ ತಾನು ಕೆಟ್ಟುನಿಂತ ಹಡಗೊಂದನ್ನು ಎಡಗೈಯಲ್ಲೇ ಕಾರವಾರದತ್ತ ಎಳೆದದ್ದು, ಅಡ್ಡ ಬಂದ ತಿಮಿಂಗಿಲವನ್ನು "ಬದಿಗೆ ಸರಿ ಮಾರಾಯ" ಎಂದು ಗದರಿದ್ದು, ಅದು ಹೆದರಿ ಸೀನಿದ್ದಕ್ಕೆ ಭಟ್ಕಳದಲ್ಲಿ ಮಳೆ ಬಂದದ್ದು.

ಹಳದಿ ಮೀನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹಡಗು ಭಟ್ಕಳ ದಾಟುವ ಮೊದಲೇ ಅದಕ್ಕೆ ಆಕಳಿಕೆ ಬಂತು. ಬಾಯಿ ತೆರೆಯಿತು. ತೆರೆಯಿತು. ಇನ್ನೂ ತೆರೆಯಿತು. ಮೈಯೆಲ್ಲ ಬಾಯಿಯೇ. ಕೇಸರಕ್ಕ ರೆಕ್ಕೆ ಮಡಚದೆ ಒಳಹೋಗುವಂಥ ಗುಹೆ.

ಕೇಸರಕ್ಕ ಹೂವಿನೊಳಗೆ, ಸೀಗಡಿಗಳು ಬಿಲದೊಳಗೆ, ಅಜ್ಜ ಶಂಖದೊಳಗೆ. ತೊಟ್ಟಿ ಬರಿದಾದದ್ದನ್ನು ಕಂಡ ರತ್ನಾಕರ ಚೀಲ ಎತ್ತಿಕೊಂಡು ಅಂಗಡಿಗೆ ನಡೆದ.

ಮರುದಿನ ಬಂದದ್ದು ಕಿರುಬೆರಳುದ್ದದ ಪಟ್ಟೆಮೀನು. ಬಾಯಿ ಎಳ್ಳುಕಾಳು ತೂರುವಷ್ಟು. ಅಜ್ಜ ಹಡಗನ್ನು ಮೊದಲಿನಿಂದ ಎಳೆದ. ಪಟ್ಟೆಮೀನು ಒಂದು ಕಣ್ಣನ್ನು ಅಜ್ಜನ ಮೇಲೂ ಇನ್ನೊಂದನ್ನು ಮರಳಿನ ಹುಳದ ಮೇಲೂ ಇಟ್ಟು, "ಆಮೇಲೆ?" ಎಂದಿತು. ಕೇಸರಕ್ಕ ಈ ಸಲ ಅದರ ಬಾಯಿಯನ್ನು ಎರಡು ಸುತ್ತು ಬಂದು ನೋಡಿಯೇ ಕುಣಿದಳು.

ಚೀಲ ಬಿಚ್ಚಿದ್ದೇ ತಡ, ಆಹಾ, ಬೇಟೆ ಅಂದರೆ ಅದು. ಬಾಣದ ಹಾಗೆ ಹೋಗಿ, ಹುಳವನ್ನು ಮರಳಿನಿಂದ ಎಳೆದು, ಕಲ್ಲಿಗೆ ಬಡಿದು ನುಂಗುತ್ತಿತ್ತು. ಪಕ್ಕದಲ್ಲಿದ್ದ ಸೀಗಡಿಯ ಮೀಸೆಯೂ ಅಲುಗುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಕಡಲಹೂ ತುಂಬಿ ಅರಳಿತು.

"ಆ ಹಳದಿಯ ಬಾಯಿ ನಿನಗೆ ಮೊದಲೇ ಗೊತ್ತಿತ್ತಾ ಅಜ್ಜ?" ಕೇಸರಕ್ಕ ಕೇಳಿದಳು.

"ಮತ್ತೆ? ಅದು ಆಕಳಿಸಲಿ ಅಂತಲೇ ಅಲ್ಲವೇನೇ, ನಾನು ಕತೆಯನ್ನು ಉದ್ದ ಮಾಡಿದ್ದು."

ಹಡಗನ್ನೂ ತಿಮಿಂಗಿಲವನ್ನೂ ನಂಬಿದ್ದ ತೊಟ್ಟಿಯವರು ಇದೊಂದನ್ನು ನಂಬಲಿಲ್ಲ. ಪಟ್ಟೆಮೀನು ಮಾತ್ರ ಹತ್ತಿರ ಸರಿದು, "ಆಮೇಲೆ?" ಎಂದಿತು.

ನೀತಿ: ಮನೆಗೆ ಬರುವವನ ಮೈ ಚಿಕ್ಕದೆಂದು ನಂಬಿಬಿಡಬೇಡಿ; ಅವನ ಬಾಯಿ ಎಷ್ಟು ದೊಡ್ಡದೆಂದು ತಿಳಿದ ಮೇಲೆ ಬಾಗಿಲು ತೆರೆಯಿರಿ.